ಕೆಟ್ಟಿಲ್ಲದ ಮೋಟರಿನ ಪರೀಕ್ಷೆ

ಒಂದೇ ಮನೆಯಲ್ಲಿ ಎರಡು ಕೂಸುಗಳಿದ್ದು, ಮನೆಗೆಲ್ಲ ಸೇರಿ ಒಂದೇ ಫೋನ್ ನಂಬರ್ ಇದ್ದರೆ?

ಆ ಶನಿವಾರ ಸಂಜೆ ತಲೆಗೆ ಹೊಕ್ಕ ಈ ಪ್ರಶ್ನೆ ಭಾನುವಾರ ಮಧ್ಯಾಹ್ನವಾದರೂ ಹೊರಗೆ ಹೋಗಲಿಲ್ಲ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು. ಮಗಳು ಗಂಗಿಯ ಎರಡೂ ಕಾಲನ್ನು ಚಡ್ಡಿಯ ಒಂದೇ ತೂತಿಗೆ ತುರುಕಿ, ಯಾಕೆ ಅಳುತ್ತಾಳೆ ಎಂದು ಹಣೆ ಮುಟ್ಟಿ ನೋಡಿದೆ. ಚಿಂತೆ ಮಾಡುವುದು ನನಗೆ ಹೊಸದೇನಲ್ಲ. ಅವಳು ಒಮ್ಮೆ ಸೀನಿದರೆ ಥರ್ಮಾಮೀಟರ್ ಹುಡುಕುವವಳು ನಾನು. ಮನೆಗೆ ಬೀಗ ಹಾಕಿ ಬಸ್ ಸ್ಟಾಪಿನವರೆಗೆ ಹೋಗಿ, ಹಾಕಿದ್ದೆನೋ ಇಲ್ಲವೋ ಎಂದು ತಿರುಗಿ ಬಂದು ಜಗ್ಗಿ ನೋಡುವವಳು. "ನಿನ್ನ ಚಿಂತಿಗೆ ಪಗಾರ ಕೊಡೂ ಹಂಗಿದ್ರ ನಾವು ಇಷ್ಟೊತ್ತಿಗೆ ಸಪ್ತಾಪುರದಾಗ ಬಂಗ್ಲೆ ಕಟ್ಟಿಸ್ತಿದ್ವಿ" ಎಂದು ಗಂಡ ಪ್ರಸಾದ ಛೇಡಿಸುತ್ತಿರುತ್ತಾನೆ. ಸದ್ಯಕ್ಕೆ ಧಾರವಾಡದ ಈ ಸಪ್ತಾಪುರದಲ್ಲಿ ನಮಗಿರುವುದು ಬಾಡಿಗೆಗೆ ಹಿಡಿದ ಮೇಲಂತಸ್ತಿನ ಮನೆ.

ಆದರೆ ಅವೆಲ್ಲ ಮುಂದೆ ಏನಾದೀತೋ ಎನ್ನುವ ಚಿಂತೆಗಳು. ಇದು ಆಗಿಹೋದದ್ದರ ಚಿಂತೆ. ಗುರುವಾರ ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯ ಇಂಟರ್‌ವ್ಯೂಗೆ ಹೋಗಿದ್ದೆ. ನಾನು ಮಾಡಿಕೊಟ್ಟ ಕೆಲಸವನ್ನು ಅಲ್ಲಿದ್ದವರೆಲ್ಲ ಮೆಚ್ಚಿದ್ದರು. ಅದರಲ್ಲಿ ಒಂದು ತಪ್ಪಿತ್ತು. ಅವರಿಗೆ ಕಂಡಿರಲಿಲ್ಲ, ಎರಡು ದಿನ ತಡವಾಗಿ ನನಗೆ ಕಂಡಿತು. ಹೇಳಿದರೆ, ಗಂಗಿ ಹುಟ್ಟಿದ ಮೂರು ವರ್ಷಗಳ ಮೇಲೆ ಕೈಗೆ ಬಂದ ಕೆಲಸ ಹೋಗಬಹುದಿತ್ತು. ಹೇಳದಿದ್ದರೆ ಸೋಮವಾರ ಹತ್ತು ಗಂಟೆಗೆ ಅವರು ಆ ತಪ್ಪನ್ನೇ ಒಂದು ಆಸ್ಪತ್ರೆಯ ಕಂಪ್ಯೂಟರಿಗೆ ಹಾಕುವವರಿದ್ದರು.

ಆ ಇಂಟರ್‌ವ್ಯೂನಲ್ಲಿ ನಾನು ಗೆದ್ದದ್ದೂ, ಗೆದ್ದದ್ದರಲ್ಲಿ ಹುಳುಕಿದೆ ಎಂದು ತಿಳಿದದ್ದೂ ಒಬ್ಬರೇ ಮನುಷ್ಯರ ದೆಸೆಯಿಂದ. ಅವರ ವಿಷಯ ಹೇಳದೆ ಇದನ್ನು ಹೇಳಲು ನನಗೆ ಬರುವುದಿಲ್ಲ.

ಲಕಮನಹಳ್ಳಿಯ ಕೈಗಾರಿಕೆ ಪ್ರದೇಶಕ್ಕೆ ಹೋಗುವ ರಸ್ತೆಯಲ್ಲಿ, ಲಾರಿಗಳು ಹೊರಳುವ ಕಡೆ, ಒಂದು ತಗಡಿನ ಅಂಗಡಿ ಇದೆ. ಬೋರ್ಡಿಲ್ಲ. ಶಟರಿನ ಮೇಲೆ ಹಸಿರು ಬಣ್ಣದಲ್ಲಿ ಒಂದು ಫೋನ್ ನಂಬರ್ ಮಾತ್ರ ಬರೆದಿದೆ. ಅದು ಬಂದೇನವಾಜ ಕಾಕಾನ ಅಂಗಡಿ. ಸುಟ್ಟ ಮೋಟರುಗಳ ತಾಮ್ರದ ತಂತಿಯನ್ನು ಬಿಚ್ಚಿ ತೆಗೆದು ಹೊಸದಾಗಿ ಸುತ್ತಿಕೊಡುವುದು ಅವರ ಕೆಲಸ. ಹೊಲದ ಪಂಪು, ಹಿಟ್ಟಿನ ಗಿರಣಿ, ಕಾರ್ಖಾನೆಯ ಫ್ಯಾನು, ಮನೆಯ ಮಿಕ್ಸರು, ಯಾವುದೂ ಅವರಿಗೆ ಸಣ್ಣದಲ್ಲ. ವಯಸ್ಸು ಕೇಳಿದರೆ, "ಸಾಲಿ ಮಾಸ್ತರು ಬರದದ್ದು ಖರೇ ಅಂದ್ರ ಅರವತ್ತೆರಡು, ನಮ್ಮವ್ವ ಹೇಳಿದ್ದು ಖರೇ ಅಂದ್ರ ಅರವತ್ನಾಕು" ಎನ್ನುತ್ತಾರೆ.

ಅವರ ತಂದೆ ಪಿಂಜಾರರು. ಹೆಗಲ ಮೇಲೆ ಬಿಲ್ಲು ಹೊತ್ತು ಗರಗದ ಸುತ್ತಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಹತ್ತಿ ಹಿಂಜಿ ಗಾದಿ ತುಂಬಿಕೊಡುತ್ತಿದ್ದರು. ಹಿಂಜುವ ಯಂತ್ರ ಬಂತು, ಅಂಗಡಿಯಲ್ಲಿ ಸಿದ್ಧ ಗಾದಿ ಬಂತು, ಬಿಲ್ಲು ಅಟ್ಟ ಸೇರಿತು. ಹದಿನೆಂಟನೆಯ ವರ್ಷಕ್ಕೆ ಕಾಕಾ ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸಾಮಾನು ಹೊರುವ ಕೆಲಸಕ್ಕೆ ಸೇರಿದರು. ಅಲ್ಲಿ ಅಮೀನಸಾಬ ಎನ್ನುವ ಹಿರಿಯ ಮಿಸ್ತ್ರಿ ಇದ್ದರು. ಅವರು ಈ ಹೊಸಬನನ್ನು ಹತ್ತಿರ ಕರೆದರು; ಆದರೆ ಆರು ತಿಂಗಳು ಒಂದು ಸುತ್ತು ತಂತಿಯನ್ನೂ ಸುತ್ತಗೊಡಲಿಲ್ಲ. ಸುಟ್ಟ ಮೋಟರು ಬಿಚ್ಚುವುದು, ಯಾಕೆ ಸುಟ್ಟಿತು ಎಂದು ಹೇಳುವುದು, ಅಷ್ಟೇ. ತಪ್ಪು ಹೇಳಿದರೆ ಅಂದಿನ ಚಹಾ ಇಲ್ಲ. "ಮದಲನೇ ತಿಂಗಳು ಚಹಾದ ರುಚೀನ ಮರತಿದ್ದೆ" ಎಂದು ಕಾಕಾ ನಗುತ್ತಾರೆ. ಮುಂದೆ ಆ ಕಾರ್ಖಾನೆ ಮುಚ್ಚಿತು. ಅಮೀನಸಾಬರು ತಮ್ಮ ಸುತ್ತುವ ಯಂತ್ರವನ್ನು ಇವರ ಕೈಗಿಟ್ಟು ತೀರಿಕೊಂಡರು. ತಗಡಿನ ಅಂಗಡಿ ಶುರುವಾದದ್ದು ಹಾಗೆ.

ನಾನು ಅಲ್ಲಿಗೆ ಮೊದಲು ಹೋದದ್ದು ಗಂಗಿ ಆರು ತಿಂಗಳ ಕೂಸಾಗಿದ್ದಾಗ. ಅವಳ ಗಂಜಿಗೆಂದು ಅಕ್ಕಿ, ಹೆಸರುಬೇಳೆ ಪುಡಿ ಮಾಡುತ್ತಿದ್ದಾಗ ಮಿಕ್ಸರು ನಿಂತುಬಿಟ್ಟಿತು. ಅದನ್ನು ಸ್ಕೂಟಿಯ ಮುಂದೆ ಇಟ್ಟುಕೊಂಡು ಹೋಗಿ, "ಮೋಟರ್ ಸುಟ್ಟೈತ್ರಿ. ಹೊಸಾ ಕಾಯಿಲ್ ಹಾಕಿಕೊಡ್ರಿ" ಎಂದೆ.

ಕಾಕಾ ಕನ್ನಡಕದ ಮೇಲಿಂದ ನೋಡಿದರು. "ಡಾಕ್ಟರ್ ಯಾರವಾ, ನೀನೋ ನಾನೋ?"

"ಅಲ್ರಿ, ತಿರಗವಲ್ದು..."

"ಏನು ಹಾಕಿದ್ದಿ ಒಳಗ?"

"ಅಕ್ಕಿ."

"ಸುಟ್ಟ ವಾಸನಿ ಬಂತು?"

"ಇಲ್ಲ."

"ಅದ ಪ್ಲಗ್ಗಿಗೆ ಬ್ಯಾರೆ ಏನರ ಹಚ್ಚಿ ನೋಡಿದಿ?"

ಹಚ್ಚಿ ನೋಡಿರಲಿಲ್ಲ. ಅವರು ಮಿಕ್ಸರಿನ ವೈರನ್ನು ತಮ್ಮ ಗೋಡೆಗೆ ಚುಚ್ಚಿದರು. ಅದು ಅಂಗಡಿಯೆಲ್ಲ ಅದುರುವಂತೆ ಗುಡುಗಿತು.

"ಮಿಕ್ಸರ್ ಛಲೋ ಐತಿ. ನಿಮ್ಮ ಮನಿ ಗ್ವಾಡಿಗೆ ಜ್ವರ ಬಂದೈತಿ. ಅದನ್ನ ಕರಕೊಂಡು ಬಾ" ಎಂದರು.

ನನಗೆ ಸಿಟ್ಟೂ ಬಂತು, ನಗೆಯೂ ಬಂತು. ಅಂಗಡಿಯ ಹಿಂದೆಯೇ ಅವರ ಮನೆ. ಒಳಗಿನಿಂದ ಅವರ ಹೆಂಡತಿ ಶಹಜಹಾನಬೇಗಂ ಬಂದು, "ಇವ್ರ ಮಾತಿಗೆ ಬ್ಯಾಸರ ಮಾಡ್ಕೋಬ್ಯಾಡ್ರಿ, ಮೋಟರ್ ಜೋಡಿ ಮಾತಾಡಿ ಮಾತಾಡಿ ಹಿಂಗಾಗ್ಯಾರ" ಎಂದು ನನ್ನ ಕೈಯಿಂದ ಗಂಗಿಯನ್ನು ಎತ್ತಿಕೊಂಡರು. ಆಮೇಲೆ ಆ ಕಡೆ ಹೋದಾಗಲೆಲ್ಲ ಅವರ ಮನೆಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂರುವುದು ರೂಢಿಯಾಯಿತು. ನಾನು ಬೆಳೆದದ್ದು ಹುಬ್ಬಳ್ಳಿಯ ಅಪಾರ್ಟ್‌ಮೆಂಟಿನಲ್ಲಿ, ಕಲಿತದ್ದು ಇಂಗ್ಲಿಷ್ ಶಾಲೆಯಲ್ಲಿ. ಕಟ್ಟೆಯ ಮೇಲೆ ಕೂತು ಮಾತಾಡುವುದನ್ನು ನನಗೆ ಕಲಿಸಿದ್ದು ಆ ಮನೆ.

ಈ ವರ್ಷ ಮತ್ತೆ ಪ್ರೋಗ್ರಾಮರ್ ಕೆಲಸ ಹುಡುಕತೊಡಗಿದೆ. ನಾಲ್ಕು ಇಂಟರ್‌ವ್ಯೂಗಳಲ್ಲಿ ನಾಲ್ಕೂ ಹೋದವು. ಎಲ್ಲ ಕಡೆ ಮೊದಲ ಪ್ರಶ್ನೆ, ಮೂರು ವರ್ಷ ಏನು ಮಾಡಿದಿರಿ. ಆ ಪ್ರಶ್ನೆಗೇ ನಾನು ತಡವರಿಸುತ್ತಿದ್ದೆ. ಮುಂದಿನ ಪ್ರಶ್ನೆಗಳಿಗೆ ಗೊತ್ತಿದ್ದ ಉತ್ತರವೂ ಬರುತ್ತಿರಲಿಲ್ಲ. ಹೀಗೇ ಇನ್ನೊಂದು ವರ್ಷ ಕಳೆದರೆ ನನ್ನನ್ನು ಯಾರೂ ಒಳಗೆ ಕರೆಯುವುದೂ ಇಲ್ಲ ಎಂದು ಹೆದರಿದ್ದೆ. ಗಂಗಿ ಮಲಗಿದಾಗ ಫೋನಿನಲ್ಲಿ ವಿಡಿಯೋ ನೋಡುತ್ತಿದ್ದೆ: ಇಂಟರ್‌ವ್ಯೂನಲ್ಲಿ ಎಲ್ಲರ ನಡುವೆ ಎದ್ದು ಕಾಣುವುದು ಹೇಗೆ. ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಎಲ್ಲರಿಗಿಂತ ಮೊದಲು ಉತ್ತರ ಕೊಡಿ. ಗೊತ್ತಿಲ್ಲ ಎಂದು ಮಾತ್ರ ಹೇಳಬೇಡಿ. ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಗಿಣಿಯ ಹಾಗೆ ಒಪ್ಪಿಸುತ್ತಿದ್ದೆ.

ಐದನೆಯ ಇಂಟರ್‌ವ್ಯೂಗೆ ಕರೆ ಬಂದ ವಾರ ಕಟ್ಟೆಯ ಮೇಲೆ ಕೂತು ಆ ನೋಟ್‌ಬುಕ್ಕನ್ನು ಕಾಕಾನಿಗೆ ಓದಿ ಹೇಳಿದೆ.

"ಎದ್ದ ಕಾಣಬೇಕು ಅಂದ್ರ ಕುರ್ಚಿ ಮ್ಯಾಲ ನಿಂದ್ರಬೇಕೇನು ಬೇಟಿ?" ಎಂದರು ಕಾಕಾ.

"ಚೇಷ್ಟಿ ಮಾಡಬ್ಯಾಡ್ರಿ ಕಾಕಾ. ಗುರುವಾರ ಇಂಟರ್‌ವ್ಯೂ ಐತಿ."

"ಚೇಷ್ಟಿ ಅಲ್ಲ. ನಾನೂ ಇಂಟರ್‌ವ್ಯೂ ತಗೊಂಡಾವನ. ಮೂವತ್ತು ವರ್ಷದಾಗ ಭಾಳ ಮಂದೀದು ತಗೊಂಡೇನಿ."

ಅವರ ಇಂಟರ್‌ವ್ಯೂ ಹೀಗೆ. ಕೆಲಸ ಕೇಳಿಕೊಂಡು ಬಂದವರ ಮುಂದೆ ಒಂದು ನೀರಿನ ಪಂಪಿನ ಮೋಟರ್ ಇಡುತ್ತಾರೆ. "ಇದು ತಿರಗವಲ್ದು, ನೋಡು" ಎಂದಷ್ಟೇ ಹೇಳಿ ತಮ್ಮ ಕೆಲಸಕ್ಕೆ ಕೂರುತ್ತಾರೆ. ಮೋಟರಿಗೆ ಏನೂ ಆಗಿರುವುದಿಲ್ಲ. ಅದಕ್ಕೆ ಹಚ್ಚಿದ ವೈರು ಒಳಗೆ ತುಂಡಾಗಿರುತ್ತದೆ, ಹೊರಗೆ ಕಾಣುವುದಿಲ್ಲ. ಬಂದವರಲ್ಲಿ ಹೆಚ್ಚಿನವರು ಕೂತ ಕೂಡಲೇ ನಟ್ಟು ಬಿಚ್ಚುವ ಪಾನಾ ಹಿಡಿದು ಮೋಟರ್ ಬಿಚ್ಚುತ್ತಾರೆ. ಕೆಲವರು ಒಳ್ಳೆಯ ತಂತಿಯನ್ನೇ ಕತ್ತರಿಸಲು ಹೋಗುತ್ತಾರೆ. ಆಗ ಕಾಕಾ ಎದ್ದು ಕೈ ಹಿಡಿಯುತ್ತಾರೆ.

"ಅಂವಾ ಜೋರ್ ಕೆಲಸಗಾರ ಇರತಾನ, ಕೈ ಭಾಳ ಚುರುಕ. ಅಂಥಾವ್ನ ವಾಪಸ್ ಕಳಸತೇನಿ" ಎಂದರು.

"ಯಾರನ್ನ ತಗೋತೀರಿ ಮತ್ತ?"

"ಕಾಕಾ, ಇದು ಯಾರ ಮನ್ಯಾಗಿತ್ತು, ಯಾವಾಗ ನಿಂತಿತು ಅಂತ ಕೇಳಿದಾವ್ನ. ಇಲ್ಲಂದ್ರ, ಎಲ್ಲಾ ನೋಡಿದೆ, ನನಗ ತಿಳೀವಲ್ದು ಅಂತ ಅಂದಾವ್ನ. ತಿಳೀವಲ್ದು ಅಂದಾವಂಗ ಕಲಿಸಾಕ ಬರತೈತಿ."

ಶಹಜಹಾನಬೇಗಂ ಸೊಪ್ಪು ಸೋಸುತ್ತ ಕೂತಿದ್ದರು. "ಸ್ವಂತ ಮಗನ್ನ ಫೇಲ್ ಮಾಡಿದ ಅಪ್ಪ ಇವ್ರು. ಕೇಳ್ರಿ ಅದನ್ನೂ" ಎಂದರು.

"ಯಾಸೀನ ಪಾನಾ ಹಿಡದ್ನಲಾ."

"ಒಂದು ವರ್ಷ ಅಂಗಡ್ಯಾಗ ಕಾಲಿಡಗೊಡಲಿಲ್ರಿ! ಈಗ ಅಂವಾ ಮೊಬೈಲ್ ರಿಪೇರಿ ಅಂಗಡಿ ಇಟ್ಟಾನ. ಅಪ್ಪಗ ಮೊಬೈಲ್ ಕೆಟ್ಟಾಗ ಹೋಗಾಕ ನಾಚಿಕಿ."

"ನಾಚಿಕಿ ಯಾಕ? ಅಂವಾ ಈಗ ಮದಲ ಕೇಳತಾನ, ಅಬ್ಬಾ, ನೀರಾಗ ಬಿತ್ತೇನು ಅಂತ. ಪಾಸ್ ಆಗ್ಯಾನ" ಎಂದರು ಕಾಕಾ. ಅವರ ಮುಖದಲ್ಲಿ ಹೆಮ್ಮೆ ಇತ್ತು.

ಗುರುವಾರ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗುವಾಗ ನೋಟ್‌ಬುಕ್ಕು ಚೀಲದಲ್ಲೇ ಇತ್ತು; ತೆರೆಯಲಿಲ್ಲ. ಕಂಪನಿಯಲ್ಲಿ ನನ್ನ ಜೊತೆ ಇನ್ನೂ ಮೂವರಿದ್ದರು, ಮೂವರೂ ನನಗಿಂತ ಚಿಕ್ಕವರು. ಇಂಟರ್‌ವ್ಯೂ ಮಾಡಿದವರು ದ್ರಾಕ್ಷಾಯಿಣಿ ಎನ್ನುವ ಮೇಡಮ್ಮು, ಕಂಪನಿಯ ಒಡತಿ. ಪಕ್ಕದಲ್ಲಿ ಅವರ ಹಿರಿಯ ಪ್ರೋಗ್ರಾಮರ್ ವಿನೋದ. ಅದೇ ಮೊದಲ ಪ್ರಶ್ನೆ ಬಂತು. ಎರಡು ಪುಟ ಉತ್ತರ ಬಾಯಿಪಾಠ ಮಾಡಿದ್ದೆ. ಬಾಯಿಂದ ಬಂದದ್ದು ಎರಡೇ ಮಾತು: "ಮಗಳನ್ನ ಬೆಳಸಿದ್ನಿರಿ." ದ್ರಾಕ್ಷಾಯಿಣಿ ಮೇಡಮ್ಮು ತಲೆಯಾಡಿಸಿ ಮುಂದಕ್ಕೆ ಹೋದರು.

ನಮ್ಮ ನಾಲ್ವರಿಗೂ ಒಂದೇ ಕೆಲಸ ಕೊಟ್ಟರು. ಅವರೇ ಮಾಡಿಕೊಟ್ಟ ಒಂದು ಪ್ರೋಗ್ರಾಂ, ಒಂದು ಮಕ್ಕಳ ಆಸ್ಪತ್ರೆಯದು. ಕೂಸುಗಳಿಗೆ ಲಸಿಕೆ ಹಾಕಿಸುವ ದಿನ ಹತ್ತಿರ ಬಂದಾಗ ಅದು ತಂದೆತಾಯಿಗಳ ಫೋನಿಗೆ ಮೆಸೇಜ್ ಕಳಿಸುತ್ತದೆ. ಕೆಲವರಿಗೆ ಒಂದೇ ಮೆಸೇಜ್ ಎರಡೆರಡು ಸಲ ಹೋಗುತ್ತಿದೆ ಎಂದು ದೂರು ಬಂದಿತ್ತು. "ಕಳಿಸೋ ಭಾಗದಾಗ ಏನೋ ತೊಂದ್ರಿ ಐತಿ. ಒಂದು ತಾಸು ಟೈಮ್" ಎಂದರು ವಿನೋದ. ಮೂವರೂ ಕೀಲಿಮಣೆ ಬಡಿಯತೊಡಗಿದರು. ನಾನು ಆ ಪ್ರೋಗ್ರಾಂ ತೆರೆದು ಕೂತೆ. ಆಗ ನನ್ನ ಮುಂದೆ ಪಂಪಿನ ಮೋಟರ್ ಇಟ್ಟ ಹಾಗೆ ಅನಿಸಿತು. ಇದು ತಿರಗವಲ್ದು, ನೋಡು.

ಎದ್ದು ಹೋಗಿ ಕೇಳಿದೆ. "ದೂರು ಕೊಟ್ಟಾವ್ರು ಯಾರ್ಯಾರ್ರಿ? ಅವ್ರ ಕೂಸು ಎಲ್ಲಿ ಹುಟ್ಟಿದ್ದು?"

ವಿನೋದ ಪಟ್ಟಿ ತೆಗೆದು ನೋಡಿದರು. ಎಲ್ಲ ಕೂಸುಗಳೂ ಅದೇ ಆಸ್ಪತ್ರೆಯಲ್ಲಿ ಹುಟ್ಟಿದವು. ಹೊರಗೆ ಹುಟ್ಟಿ ಬಂದ ಮಕ್ಕಳ ಮನೆಯಿಂದ ಒಂದೂ ದೂರಿಲ್ಲ. ಆಮೇಲೆ ಕಷ್ಟವಿರಲಿಲ್ಲ. ಹೆರಿಗೆಯಾದಾಗ ಒಮ್ಮೆ, ಮೊದಲ ಸಲ ತೋರಿಸಲು ಬಂದಾಗ ಮತ್ತೊಮ್ಮೆ, ಹೀಗೆ ಒಂದೇ ಕೂಸಿನ ಹೆಸರು ಎರಡು ಸಲ ಬರೆಯಲಾಗಿತ್ತು. ಕಳಿಸುವ ಭಾಗಕ್ಕೆ ಏನೂ ಆಗಿರಲಿಲ್ಲ. ನಾನು ಅದನ್ನು ಮುಟ್ಟದೆ, ಪಟ್ಟಿಯಲ್ಲಿ ಒಂದೇ ಫೋನ್ ನಂಬರ್ ಎರಡನೆಯ ಸಲ ಬಂದರೆ ಅದನ್ನು ಬಿಟ್ಟುಬಿಡು ಎಂದು ನಾಲ್ಕು ಸಾಲು ಬರೆದೆ.

ದ್ರಾಕ್ಷಾಯಿಣಿ ಮೇಡಮ್ಮು ಕುರ್ಚಿ ಎಳೆದುಕೊಂಡು ನನ್ನ ಪಕ್ಕಕ್ಕೇ ಬಂದರು. "ಎಲ್ಲಾರೂ ನಾವು ಹೇಳಿದ್ದನ್ನ ನಂಬಿದ್ರು, ನೀವೊಬ್ಬರ ನಂಬಲಿಲ್ಲ. ಇದನ್ನ ಎಲ್ಲಿ ಕಲ್ತ್ರಿ?"

"ಲಕಮನಹಳ್ಳ್ಯಾಗ್ರಿ. ಒಬ್ಬರು ಮೋಟರ್ ವೈಂಡಿಂಗ್ ಮಾಡೋ ಕಾಕಾ ಇದ್ದಾರ."

ಅವರು ನಕ್ಕರು, ಒಳ್ಳೆಯ ನಗೆ. "ಇದು ಖರೇನ ಬಂದ ದೂರು ರೀ. ನಿಮ್ಮ ನಾಲ್ಕು ಸಾಲನ್ನ ಸೋಮವಾರ ಹತ್ತು ಗಂಟೇಕ ಹಾಕೇಬಿಡ್ತೇವಿ. ನಿಮ್ಮ ಕೆಲಸದ ಆರ್ಡರೂ ಸೋಮವಾರ ಬರತೈತಿ. ಒಂದನೇ ತಾರೀಕಿಗೆ ಬಂದು ಸೇರ್ರಿ" ಎಂದು ತಮ್ಮ ನಂಬರ್ ಇದ್ದ ಕಾರ್ಡು ಕೊಟ್ಟರು.

ಬಸ್ಸಿನಲ್ಲಿ ಅಳು ಬಂತು. ಪಕ್ಕದ ಸೀಟಿನ ಹೆಂಗಸು ನನಗೆ ಏನೋ ಆಗಬಾರದ್ದು ಆಗಿದೆ ಎಂದುಕೊಂಡು ನೀರಿನ ಬಾಟಲಿ ಕೊಟ್ಟಳು.

ಶನಿವಾರ ಅತ್ತೆ ಶರಣವ್ವ ಶೇಂಗಾ ಹೋಳಿಗೆ ಮಾಡಿ, "ಮದಲ ಆ ಮನಿಗೆ ಕೊಟ್ಟು ಬಾ" ಎಂದು ಡಬ್ಬಿ ಕಟ್ಟಿಕೊಟ್ಟರು. ಸಂಜೆ ಗಂಗಿಯನ್ನೂ ಕರೆದುಕೊಂಡು ಹೋದೆ. ಕಾಕಾನ ಮನೆ ತುಂಬಿತ್ತು. ಯಾಸೀನನ ಹೆಂಡತಿ ಜರೀನಾಳಿಗೆ ಮೂರು ತಿಂಗಳ ಗಂಡು ಕೂಸು. ಬಾಣಂತನಕ್ಕೆ ಬಂದಿದ್ದ ಕಾಕಾನ ಮಗಳಿಗೆ ಎರಡು ತಿಂಗಳ ಹೆಣ್ಣು ಕೂಸು. ಎರಡನ್ನೂ ಒಂದೇ ಚಾಪೆಯ ಮೇಲೆ ಮಲಗಿಸಿದ್ದರು. ಗಂಗಿ ಇಬ್ಬರ ಮೂಗನ್ನೂ ಸರದಿಯ ಮೇಲೆ ಮುಟ್ಟಿ ನೋಡುತ್ತಿದ್ದಳು. ನಾನು ಗುರುವಾರದ ಕತೆಯನ್ನೆಲ್ಲ ಹೇಳಿದೆ. ಕಾಕಾ ಒಂದು ಹೋಳಿಗೆ ಮುಗಿಸಿ ಎರಡನೆಯದಕ್ಕೆ ಕೈ ಹಾಕಿದರು. ಅಷ್ಟರಲ್ಲಿ ಅವರ ಫೋನು ಸದ್ದು ಮಾಡಿತು.

"ಕನ್ನಡಕ ಅಂಗಡ್ಯಾಗ ಐತಿ. ಏನಂತ ಓದವಾ" ಎಂದು ನನ್ನ ಕೈಗೆ ಕೊಟ್ಟರು.

ಲಸಿಕೆಯ ಮೆಸೇಜು. ಬೇರೆ ಆಸ್ಪತ್ರೆಯದು.

"ನಿಮ್ಮ ಕೂಸಿಗೆ ಬುಧವಾರ ಲಸಿಕಿ ಐತಂತ ಜರೀನಾ" ಎಂದೆ.

"ನಂದೋ, ನಾದಿನೀದೋ? ಸರಿಯಾಗಿ ನೋಡ್ರಿ ಅಕ್ಕಾ. ಇಬ್ಬರದೂ ಇದ ಫೋನಿಗೆ ಬರತೈತಿ."

"ಇದು ಕಾಕಾನ ನಂಬರ್ ಅಲ್ಲಾ?"

"ಮನಿಯವ್ರೆಲ್ಲಾರದೂ ಇದ ನಂಬರ್" ಎಂದರು ಶಹಜಹಾನಬೇಗಂ. "ರೇಶನ್ನಿಗೆ ಇದ, ದವಾಖಾನಿಗೆ ಇದ, ಗ್ಯಾಸಿಗೆ ಇದ. ನಾವು ಸಿಮ್ ಬದಲಾಸ್ತಿರತೇವಿ, ನೆನಪ ಇರೂದಿಲ್ಲ. ಇದು ಶಟರ್ ಮ್ಯಾಲ ಬರದೈತಿ ನೋಡ್ರಿ, ಹೊರಗ ಹಣಿಕಿ ನೋಡಿ ಹೇಳಿಬಿಡ್ತೇವಿ."

ಅವರೆಲ್ಲ ನಕ್ಕರು. ನನ್ನ ಕೈಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು. ಒಂದೇ ನಂಬರ್ ಎರಡನೆಯ ಸಲ ಬಂದರೆ ಬಿಟ್ಟುಬಿಡು. ನಾನು ಬರೆದದ್ದು ಅದೇ. ಆಸ್ಪತ್ರೆ ಅದೇ ಆಗಿದ್ದರೆ ಈ ಚಾಪೆಯ ಮೇಲಿನ ಎರಡು ಕೂಸುಗಳಲ್ಲಿ ಒಂದನ್ನು ನನ್ನ ನಾಲ್ಕು ಸಾಲು ಅಳಿಸಿಹಾಕುತ್ತಿತ್ತು. ನಮ್ಮ ಮನೆಯಲ್ಲಿ ಮೂವರು ದೊಡ್ಡವರಿಗೆ ನಾಲ್ಕು ನಂಬರುಗಳಿವೆ. ಒಂದು ನಂಬರ್ ಎಂದರೆ ಒಬ್ಬ ಮನುಷ್ಯ ಎಂದೇ ನಾನು ತಿಳಿದುಕೊಂಡಿದ್ದೆ. ಅಂಗಳ ಒಂದೇ ಆದ ಮನೆಗಳಲ್ಲಿ ಹಿರಿಯರ ನಂಬರನ್ನೇ ಎಲ್ಲರೂ ಕೊಡುತ್ತಾರೆ ಎಂದು ಹೊಳೆದಿರಲೇ ಇಲ್ಲ. ಎರಡು ವರ್ಷ ಈ ಕಟ್ಟೆಯ ಮೇಲೆ ಕೂತೂ ಹೊಳೆದಿರಲಿಲ್ಲ.

ಮುಖ ನೋಡಿ ಕಾಕಾ ಕೇಳಿದರು. ಹೇಳಿದೆ.

"ಈಗ ಹೇಳಿದ್ರ ಕೆಲಸ ಹೋಗತೈತೇನು?" ಎಂದು ಜರೀನಾ ಕೇಳಿದಳು.

"ಹೋಗಬೌದು. ತಪ್ಪು ಬರದಾಕಿನ್ನ ಯಾಕ ತಗೋತಾರ?"

ಆಗ ಶಹಜಹಾನಬೇಗಂ ಗಂಡನ ಕಡೆಗೆ ಗದ್ದ ತೋರಿಸಿದರು. "ಗರಗದ ಶಾಂತಯ್ಯನ ಗಿರಣಿ ಕತಿ ಹೇಳ್ರಿ. ನಾಚಿಕಿ ಆದ್ರ ನಾನ ಹೇಳ್ತೇನಿ."

ಕೊನೆಗೆ ಶಹಜಹಾನಬೇಗಂ ತಾವೇ ಹೇಳಿದರು. ಶಾಂತಯ್ಯನದು ಗರಗದಲ್ಲಿ ಹಿಟ್ಟಿನ ಗಿರಣಿ. ಅದರ ದೊಡ್ಡ ಮೋಟರನ್ನು ಕಾಕಾ ಸುತ್ತಿ ಕಳಿಸಿದ್ದರು. ಮರುದಿನ ಊಟಕ್ಕೆ ಕೂತಾಗ ಗೋಡೆಯ ಮೇಲಿನ ತಂತಿಯ ಸುರುಳಿಗಳ ಮೇಲೆ ಕಣ್ಣು ಹೋಯಿತು. ಖಾಲಿಯಾಗಿರಬೇಕಾದ ದಪ್ಪ ತಂತಿಯ ಸುರುಳಿ ಹಾಗೇ ತುಂಬಿಕೊಂಡಿತ್ತು. ತೆಳು ತಂತಿಯದು ಖಾಲಿ. ದೊಡ್ಡ ಮೋಟರಿಗೆ ತೆಳು ತಂತಿ ಸುತ್ತಿದ್ದರು. ನಾಲ್ಕು ದಿನ ತಿರುಗೀತು, ಹೊರೆ ಬಿದ್ದ ದಿನ ಸುಟ್ಟೀತು.

"ತಾಟಿನಾಗ ಕೈ ಇಟ್ಟಾವ್ರು ಹಂಗ ಎದ್ದು ಬಸ್ ಹಿಡದ್ರು. ಇಲ್ಲಿ ಸಾರು ಆರಿ ತಣ್ಣಗಾತು. ನಾನೂ ಉಪಾಸ!"

"ಶಾಂತಯ್ಯಾರು ಏನಂದ್ರು?" ಎಂದೆ.

ಈಗ ಕಾಕಾ ಬಾಯಿ ತೆರೆದರು. "ಹಿಟ್ಟು ಹಾಕ್ಸಾಕ ಬಂದ ಮಂದಿ ಮುಂದ ಭಾಳ ಅಂದ್ರು. ಇಷ್ಟು ವರ್ಷ ಕಣ್ಣು ಮುಚ್ಚಿ ಸುತ್ತಿದ್ಯೇನೋ ಅಂದ್ರು. ನಾನ ಮೋಟರ್ ಬಿಚ್ಚಿ ಹೊತ್ಕೊಂಡು ಬಂದು ಮತ್ತ ಸುತ್ತಿ ಕೊಟ್ನಿ."

"ಆಮ್ಯಾಲ ಇಲ್ಲೇ ಬಂದ್ರೇನ್ರಿ? ಖುಷಿ ಆಗಿರಬೇಕಲ್ಲಾ ಅವ್ರಿಗೆ?"

"ಇಲ್ಲವಾ. ತಿರುಗಿ ಬರಲಿಲ್ಲ. ಈಗ ಬ್ಯಾರೇವ್ರ ಕಡೆ ಹೋಗತಾರ." ಅವರು ಹೋಳಿಗೆಯ ಪುಡಿಯನ್ನು ಅಂಗಿಯಿಂದ ಕೊಡವಿದರು. "ಗಿರಣಿ ನಡದೈತಿ. ಗರಗಕ್ಕ ಹೋದಾಗ ರಸ್ತೆದಾಗ ನಿಂತು ಕೇಳತೇನಿ. ನಾ ಸುತ್ತಿದ್ದ ಮೋಟರ, ಸಪ್ಪಳದಾಗ ಗೊತ್ತಾಗತೈತಿ."

ನನಗೆ ಏನು ಮಾಡು ಎಂದು ಅವರು ಹೇಳಲಿಲ್ಲ. ಗಂಗಿಯ ಕೈಗೆ ಒಂದು ಬಿಸ್ಕೀಟು ಕೊಟ್ಟು ನಮ್ಮನ್ನು ಸ್ಕೂಟಿಯವರೆಗೆ ಕಳಿಸಿದರು.

ಮನೆಗೆ ಬಂದು ಪ್ರಸಾದನಿಗೆ ಹೇಳಿದರೆ ಅವನು ಶಾಂತವಾಗಿ ಕೇಳಿಸಿಕೊಂಡ. "ಸೋಮವಾರ ಆರ್ಡರ್ ಬರಲಿ. ಒಂದನೇ ತಾರೀಕಿಗೆ ಸೇರಿ, ಮದಲನೇ ದಿನಾನ ಸರಿ ಮಾಡಿಬಿಡು. ನೀನ ಕಂಡುಹಿಡದಿ ಅಂತ ಹೆಸರೂ ಬರತೈತಿ."

"ಒಂದನೇ ತಾರೀಕಿಗೆ ಇನ್ನ ಮೂರು ವಾರ ಐತಿ."

"ಮೂರು ವಾರದಾಗ ಏನಾಗತೈತಿ?"

ಅತ್ತೆ ಬೆಳ್ಳುಳ್ಳಿ ಸುಲಿಯುತ್ತಿದ್ದವರು ತಲೆಯೆತ್ತಲಿಲ್ಲ. "ನೀನು ಕೂಸಿದ್ದಾಗ ನಿನಗ ಸೂಜಿ ಹಾಕ್ಸೂದು ಹದಿನೈದು ದಿನ ತಡಾ ಆಗಿತ್ತು. ಆ ಹದಿನೈದು ದಿನ ನಿಮ್ಮಪ್ಪ ನನ್ನ ಜೋಡಿ ಮಾತಾಡಿಲ್ಲ" ಎಂದರು.

ಪ್ರಸಾದ ನಕ್ಕುಬಿಟ್ಟ. ಅವನದೂ ಕೆಟ್ಟ ಮಾತಲ್ಲ. ನಾಲ್ಕು ಸಲ ಸೋತು ಬಂದ ನನ್ನ ಮುಖ ನೋಡಿದವನು ಅವನೇ.

ಭಾನುವಾರ ಬೆಳಿಗ್ಗೆ ಇಮೇಲ್ ಬರೆದೆ. ಅದರಲ್ಲಿ ತಪ್ಪಿಗಿಂತ ಕ್ಷಮೆಯೇ ಜಾಸ್ತಿಯಾಗಿತ್ತು; ಅಳಿಸಿದೆ. ಮತ್ತೆ ಬರೆದೆ. ಸೋಮವಾರ ಹತ್ತಕ್ಕೆ ಮೊದಲು ಅವರು ಅದನ್ನು ಓದದಿದ್ದರೆ? ಮತ್ತೆ ಅಳಿಸಿದೆ. ಒಗೆಯಬೇಕಾಗಿಲ್ಲದ ಬಟ್ಟೆಗಳನ್ನೂ ಒಗೆದೆ. ಎರಡು ಸಲ ನಂಬರ್ ಒತ್ತಿ, ಗಂಟೆ ಹೊಡೆಯುವ ಮೊದಲೇ ಕಟ್ ಮಾಡಿದೆ. ಮಹಡಿಯ ಮೇಲೆ ಒದ್ದೆ ಬಟ್ಟೆ ಹರವುತ್ತ ಯೋಚಿಸಿದೆ: ಗುರುವಾರ ನಾನು ಆ ಮೂವರ ನಡುವೆ ಬೇರೆಯಾಗಿ ಕಂಡದ್ದು ನನ್ನ ಜಾಣತನಕ್ಕಲ್ಲ. ನಾಲ್ಕು ದಶಕ ತಾಮ್ರದ ತಂತಿಯ ಮುಂದೆ ಕೂತು ಒಬ್ಬರು ಕಲಿತದ್ದನ್ನು ಕಟ್ಟೆಯ ಮೇಲೆ ಚಹಾದ ಜೊತೆ ನನಗೆ ಹಾಗೇ ಕೊಟ್ಟಿದ್ದರು. ಅದಕ್ಕೆ ಪ್ರತಿಯಾಗಿ ಏನೂ ಕೇಳಿರಲಿಲ್ಲ. ಅವರ ಪ್ರಶ್ನೆಯನ್ನು ಮಾತ್ರ ತೆಗೆದುಕೊಂಡು, ತಾಟಿನಿಂದ ಎದ್ದು ಬಸ್ಸು ಹಿಡಿದದ್ದನ್ನು ಬಿಟ್ಟುಬಿಡಲು ನನಗೆ ಮನಸ್ಸು ಬರಲಿಲ್ಲ. ಅರ್ಧ ಕಲಿತ ಹಾಗಾಗುತ್ತಿತ್ತು.

ಹೆದರಿಕೆ ಹೋಗಿರಲಿಲ್ಲ. ಅದು ಹೋಗಲಿ ಎಂದು ಕಾದರೆ ಸೋಮವಾರ ಬರುತ್ತಿತ್ತು. ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತು ನಂಬರ್ ಒತ್ತಿದೆ.

"ಹಲೋ, ಹೇಳ್ರಿ." ಹಿಂದೆ ಕುಕ್ಕರಿನ ಸೀಟಿ ಕೇಳುತ್ತಿತ್ತು.

"ಮೇಡಮ್ಮರ, ನಾನು ರಾಜೇಶ್ವರಿ, ಧಾರವಾಡದಾಕಿ. ಗುರುವಾರ ಬಂದಿದ್ನಲ್ರಿ... ಭಾನುವಾರ ತ್ರಾಸು ಕೊಡಾಕತ್ತೇನಿ. ನಾನು ಬರದದ್ದು ನಾಳೆ ಹಾಕಬ್ಯಾಡ್ರಿ. ಅದರಾಗ ತಪ್ಪೈತಿ. ಒಂದೇ ನಂಬರಿನ ಮನ್ಯಾಗ ಎರಡು ಕೂಸು ಇದ್ರ, ಎರಡನೇ ಕೂಸಿಗೆ ಮೆಸೇಜ್ ಹೋಗೂದಿಲ್ಲ."

ಆ ಕಡೆ ಕುಕ್ಕರು ಮತ್ತೊಮ್ಮೆ ಕೂಗಿತು. ಯಾರೋ ಒಲೆ ಆರಿಸಿದರು.

"ಅಂಥಾ ಮನಿ ಇರತಾವೇನ್ರಿ?"

"ಇದ್ದಾವ್ರಿ. ನಿನ್ನೆ ಅಂಥಾ ಮನ್ಯಾಗ ಕೂತಿದ್ದೆ. ನಂಬರ್ ಜೋಡಿ ಹುಟ್ಟಿದ ತಾರೀಕನ್ನೂ ತಾಳೆ ಹಾಕಿ ನೋಡಬೇಕು. ಆದ್ರ ಅವಳಿ ಮಕ್ಕಳಿದ್ರ ಏನು ಮಾಡೂದು ಅಂತ ನನಗ ಇನ್ನೂ ತಿಳೀವಲ್ದ್ರಿ."

ಆರ್ಡರಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

"ಒಂದ ನಿಮಿಷ ತಡೀರಿ. ಕಾಗದಾ ಪೆನ್ನು ತಗೋತೇನಿ" ಎಂದರು ದ್ರಾಕ್ಷಾಯಿಣಿ ಮೇಡಮ್ಮು. ಡ್ರಾವರು ಎಳೆದ ಸದ್ದು ಕೇಳಿಸಿತು. "ಹಾಂ. ಈಗ ಮದಲಿಂದ ಹೇಳ್ರಿ."

ನಾನು ಮೊದಲಿನಿಂದ ಹೇಳತೊಡಗಿದೆ.